ಗೊತ್ತಿದ್ದವರ ಹೊಣೆ

ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಒಂದು ಪುಟ್ಟ ಕಾರು ಹುಟ್ಟಿತ್ತು. ಚೇತನ್ ಮೈನಿ ಮತ್ತು ಅವರ ತಂಡ ಕಟ್ಟಿದ ರೇವಾ 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದಾಗ, ಕರೆಂಟಿನಲ್ಲಿ ಕಾರು ಓಡುತ್ತದೆ ಎಂದರೆ ನಗುವವರೇ ಹೆಚ್ಚು. ಎರಡು ಬಾಗಿಲು, ಲೆಡ್-ಆಸಿಡ್ ಬ್ಯಾಟರಿ, ಮನೆಯ ಪ್ಲಗ್ಗಿಗೇ ಚುಚ್ಚಬಹುದಾದ ವೈರು. ಮುಂದೆ ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೂ ಹೋಯಿತು. ನಗರದ ನಡುಭಾಗಕ್ಕೆ ಕಾರು ತರುವವರು ಕಟ್ಟಬೇಕಾದ ಶುಲ್ಕದಿಂದ ಅದಕ್ಕೆ ವಿನಾಯಿತಿ ಇದ್ದುದರಿಂದ ಅಲ್ಲಿ ಒಳ್ಳೆಯ ಹೆಸರನ್ನೂ ಪಡೆಯಿತು. ಟೆಸ್ಲಾ ಹೆಸರನ್ನು ಯಾರೂ ಕೇಳದಿದ್ದ ಕಾಲದಲ್ಲಿ ನಮ್ಮೂರಿನವರು ಮಾಡಿದ ಈ ಸಾಹಸದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ. ಅದರ ಇನ್ನೊಂದು ಕಥೆಯನ್ನು ಹೇಳಲು ಹೊರಟಿರುವುದೂ ಆ ಹೆಮ್ಮೆಯಿಂದಲೇ.

2007ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಪತ್ರಿಕೆ ಈ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿಸಿತು. ಒಳಗೆ ಮನುಷ್ಯರಿದ್ದಿದ್ದರೆ ಜೀವಕ್ಕೇ ಅಪಾಯವಿತ್ತು ಎನ್ನುವಂಥ ಫಲಿತಾಂಶ ಬಂತು. ಅಲ್ಲಿನ ಸಾರಿಗೆ ಇಲಾಖೆ ತಾನೂ ಪರೀಕ್ಷೆ ನಡೆಸಿ ಗಂಭೀರ ಆತಂಕ ವ್ಯಕ್ತಪಡಿಸಿತು. ಹಾಗಾದರೆ ಅದು ಮಾರಾಟಕ್ಕೆ ಬಂದದ್ದಾದರೂ ಹೇಗೆ? ಕಾನೂನಿನ ಪ್ರಕಾರವೇ. ಐರೋಪ್ಯ ನಿಯಮದಲ್ಲಿ ರೇವಾ ಕಾರೇ ಅಲ್ಲ, 'ಕ್ವಾಡ್ರಿಸೈಕಲ್'. ಬ್ಯಾಟರಿ ಬಿಟ್ಟು 400 ಕೆ.ಜಿ.ಯೊಳಗೆ ತೂಗುವ ನಾಲ್ಕು ಚಕ್ರದ ಹಗುರ ವಾಹನ. ಆ ವರ್ಗಕ್ಕೆ ಡಿಕ್ಕಿ ಪರೀಕ್ಷೆಯೇ ಕಡ್ಡಾಯವಾಗಿರಲಿಲ್ಲ. ಇದು ನಗರದೊಳಗೆ ನಿಧಾನವಾಗಿ ಓಡಾಡಲು ಮಾಡಿದ ವಾಹನ ಎಂಬುದು ತಯಾರಕರ ಸಮಜಾಯಿಷಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೂ ಆ ಉತ್ತರ ನನಗೆ ಸಮಾಧಾನ ಕೊಡುವುದಿಲ್ಲ. ಕೊಂಡವರು ಅದನ್ನು ಕಾರು ಎಂದೇ ಕೊಂಡಿದ್ದರು. ಮಕ್ಕಳನ್ನು ಕೂರಿಸಿಕೊಂಡು, ಬಸ್ಸು ಲಾರಿಗಳ ನಡುವೆ, ಪಕ್ಕದ ಕಾರಿಗಿರುವ ರಕ್ಷಣೆ ತಮಗೂ ಇದೆ ಎಂದುಕೊಂಡು ಓಡಿಸಿದರು. ಇದು ಬೇರೆ ವರ್ಗದ ವಾಹನ ಎಂಬುದು ಗೊತ್ತಿದ್ದದ್ದು ಮಾಡಿದವರಿಗೆ ಮತ್ತು ಅನುಮತಿ ಕೊಟ್ಟವರಿಗೆ. ಅದನ್ನು ತಿಳಿಯಬೇಕಾದ ಅಗತ್ಯ ಇದ್ದದ್ದು ಸ್ಟೀರಿಂಗಿನ ಹಿಂದೆ ಕೂತವರಿಗೆ. ವಾಹನೋದ್ಯಮದ ನೈತಿಕತೆಯ ಪ್ರಶ್ನೆ ಇರುವುದು ಈ ಎರಡರ ನಡುವಿನ ಅಂತರದಲ್ಲಿ ಎಂದು ನಾನು ನಂಬಿದ್ದೇನೆ. ಕಾನೂನು ಕೇಳುವುದು ಕನಿಷ್ಠವನ್ನು. ಅದಕ್ಕಿಂತ ಹೆಚ್ಚು ಗೊತ್ತಿದ್ದವರ ಹೊಣೆಯೂ ಅಷ್ಟು ಹೆಚ್ಚು. ಟೀಕೆ ಬಂದ ಮೇಲೆ, 2008ರ ಮಾದರಿಯಲ್ಲಿ ರೇವಾದ ಚಾಸಿಯನ್ನು ಬಲಪಡಿಸಿದರು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿದರು. ಹಾಗೆ ಮಾಡಿದ್ದಕ್ಕೆ ಅವರನ್ನು ಮೆಚ್ಚಬೇಕು. ಅದನ್ನು ಮಾಡಿಸಲು ಒಂದು ಪತ್ರಿಕೆ ಕಾರು ಜಜ್ಜಿ ತೋರಿಸಬೇಕಾಯಿತು ಎಂಬುದನ್ನೂ ನೆನಪಿಡಬೇಕು.

ಇದಕ್ಕೆ ಎದುರಾಗಿ ಒಂದು ವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮದು ಬಡ ದೇಶ. ಸುರಕ್ಷತೆ ಹೆಚ್ಚಿಸಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಗಂಡ ಹೆಂಡತಿ ಇಬ್ಬರು ಮಕ್ಕಳು ಸ್ಕೂಟರಿನಲ್ಲೇ ಉಳಿಯುತ್ತಾರೆ, ಸ್ಕೂಟರಿಗಿಂತ ದುರ್ಬಲ ಕಾರೂ ಮೇಲು. ನಿಜ. ಕಡಿಮೆ ಬೆಲೆಗೆ ಕಡಿಮೆ ಕೊಡುವುದು ಅಪರಾಧವಲ್ಲ. ಆದರೆ ಎಷ್ಟು ಕಡಿಮೆ ಎಂದು ಹೇಳಿ ಕೊಡಬೇಕು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳನ್ನು ಪರೀಕ್ಷಿಸಿತು: ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಮಾದರಿಗಳಲ್ಲಿ, ದೊಡ್ಡವರ ರಕ್ಷಣೆಗೆ ಐದಕ್ಕೂ ಸೊನ್ನೆ. ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ಮಾತ್ರ ನಾಲ್ಕು ಸ್ಟಾರು ಬಂತು. ಕಾರು ಅದೇ, ವ್ಯತ್ಯಾಸ ಎರಡು ಚೀಲಗಳದ್ದು. ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನೇ ನಿಲ್ಲಿಸಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆಯವರು ಸೊನ್ನೆಯ ಕಾರನ್ನು ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಮನೆಗೆ ತಂದಾಗಿತ್ತು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

ಈಗ ಸ್ಥಿತಿ ಎಷ್ಟೋ ಸುಧಾರಿಸಿದೆ. ಹೊಸ ಮಾದರಿಗಳಿಗೆ 2017ರಿಂದ ಡಿಕ್ಕಿ ಪರೀಕ್ಷೆ ಕಡ್ಡಾಯವಾಯಿತು, 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಸ್ಟಾರು ಕೊಡುತ್ತಿದೆ. ಆದರೆ ಎದುರಿನ ಡಿಕ್ಕಿಗೆ ಕಾನೂನಿನ ಕಡ್ಡಾಯ ಪರೀಕ್ಷೆ 56 ಕಿ.ಮೀ. ವೇಗದ್ದು, ಸ್ಟಾರಿನ ಪರೀಕ್ಷೆ 64ರದ್ದು. ಎಂಟು ಕಿ.ಮೀ. ಏನು ಮಹಾ ಎನ್ನಬೇಡಿ. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುವುದರಿಂದ, ಆ ಎಂಟು ಕಿ.ಮೀ.ಗೆ ಪೆಟ್ಟು ಶೇ. 30ರಷ್ಟು ಹೆಚ್ಚಾಗುತ್ತದೆ. ಮೊದಲನೆಯದು ಕಡ್ಡಾಯ, ಎರಡನೆಯದು ತಯಾರಕರ ಇಷ್ಟ. ಪರೀಕ್ಷೆಗೆ ಕಳಿಸದ ಕಾರಿನ ಬಗ್ಗೆ ಶೋರೂಮಿನಲ್ಲಿ ಕೇಳಿದರೆ 'ಎಲ್ಲ ಸರ್ಕಾರಿ ನಿಯಮದ ಪ್ರಕಾರವೇ ಇದೆ ಸಾರ್' ಎಂಬ ಮಾತು ಸಿಗುತ್ತದೆ. ರೇವಾ ವಿಷಯದಲ್ಲಿ ಕೇಳಿದ ಅದೇ ಮಾತು.

ಕಾರಿನ ಸುರಕ್ಷತೆ ಎಂದರೆ ಹೆಸರಾಂತ ಕಂಪನಿಯ ಬೋರ್ಡ್ ರೂಮಿನಲ್ಲಿ ನಿರ್ಧಾರವಾಗುವ ಸಂಗತಿ ಎಂದುಕೊಂಡಿದ್ದ ನನ್ನ ಕಣ್ಣು ತೆರೆಸಿದ್ದು ಪೀಣ್ಯ ಎರಡನೇ ಹಂತದ ಒಂದು ಶೆಡ್ಡು. ಐದಾರು ಸಿಎನ್‌ಸಿ ಮಷೀನುಗಳು, ಕೂಲೆಂಟ್ ಎಣ್ಣೆಯ ವಾಸನೆ, ಮೂಲೆಯಲ್ಲಿ ಇನ್‌ಸ್ಪೆಕ್ಷನ್ ಟೇಬಲ್ಲು. ಬ್ರೇಕಿಗೆ ಹೋಗುವ ಅಲ್ಯೂಮಿನಿಯಂ ಪೀಸುಗಳ ರಂಧ್ರಕ್ಕೆ ಒಬ್ಬಾಕೆ ಪ್ಲಗ್ ಗೇಜು ಹಾಕಿ ನೋಡುತ್ತಿದ್ದರು. ಗೇಜಿನ ಒಂದು ತುದಿ 'ಗೋ', ಅದು ರಂಧ್ರದೊಳಗೆ ಇಳಿಯಬೇಕು. ಇನ್ನೊಂದು ತುದಿ 'ನೋಗೋ', ಅದು ಇಳಿಯಬಾರದು. ಇಳಿದರೆ ರಂಧ್ರ ದೊಡ್ಡದಾಗಿದೆ ಎಂದರ್ಥ.

'ನೋಗೋ ಇಳೀತಾ ಇದೆ ಸಾರ್' ಎಂದರು ಆಕೆ.

'ಎಷ್ಟು ಪೀಸು?'

'ಈ ಟ್ರೇನಲ್ಲಿ ನೋಡಿದ್ದರಲ್ಲೇ ಏಳು.'

ಮಾಲೀಕರು ತಾವೇ ಗೇಜು ಹಿಡಿದು ನೋಡಿದರು. ಸಂಜೆ ಗಾಡಿ ಹೊರಡಬೇಕಿತ್ತು. ಲಾಟು ಹೋಗದಿದ್ದರೆ ಕೊಳ್ಳುವ ಕಂಪನಿಯಲ್ಲಿ ಲೈನು ನಿಲ್ಲುತ್ತದೆ, ನಿಂತದ್ದರ ಲೆಕ್ಕಕ್ಕೆ ಇವರ ಹೆಸರಿಗೆ ಡೆಬಿಟ್ ನೋಟು ಬರುತ್ತದೆ. 'ಮೈಕ್ರಾನ್ ಲೆಕ್ಕ ಅಲ್ವೇನಮ್ಮ' ಎಂದರು, ಅರ್ಧ ತಮಗೇ ಹೇಳಿಕೊಂಡಂತೆ. ಆಕೆ ಮಾತಾಡಲಿಲ್ಲ. ಏಳನ್ನೂ ಕೆಂಪು ಟ್ರೇಗೆ ಹಾಕಿ ರಿಜಿಸ್ಟರಿನಲ್ಲಿ ಬರೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮಾಲೀಕರು ಅದಕ್ಕೆ ಸಹಿ ಹಾಕಿದರು.

ಆ ಸಹಿಯ ಬೆಲೆ ಅರಿಯಲು ಜನರಲ್ ಮೋಟಾರ್ಸ್ ಕಥೆ ನೋಡಬೇಕು. ಅದರ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ಚು ಸಡಿಲ. ಓಡುತ್ತಿರುವಾಗಲೇ ಕೀಲಿ ಜಾರಿ ಎಂಜಿನ್ ಆಫ್ ಆಗುತ್ತಿತ್ತು, ಆಗ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. 2006ರಲ್ಲಿ ಸ್ವಿಚ್ಚನ್ನು ಸರಿಪಡಿಸಿದರು, ಪಾರ್ಟ್ ನಂಬರ್ ಮಾತ್ರ ಬದಲಿಸಲಿಲ್ಲ. ಹಳೆಯದು ಹೊಸದು ಗುರುತು ಸಿಗದೆ ತನಿಖೆ ವರ್ಷಗಟ್ಟಲೆ ದಾರಿ ತಪ್ಪಿತು. ಕಾರುಗಳನ್ನು ವಾಪಸ್ ಕರೆಸಿದ್ದು 2014ರಲ್ಲಿ. ಆ ದೋಷಕ್ಕೆ ಸಂಬಂಧಿಸಿದ 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ಒಂದು ಡಾಲರಿಗಿಂತ ಕಡಿಮೆ ಬೆಲೆಯ ಭಾಗ ಅದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವೆ, ಇಲ್ಲಿ ಹೋದದ್ದು ಪ್ರಾಣ.

ಪೀಣ್ಯದಲ್ಲಿ ಗೇಜು ಮಾಡುವ ಕೆಲಸವನ್ನು ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರು ಮಾಡುತ್ತದೆ. ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರದಂಥ ಕಡೆ ಸಾವಿರಾರು ಎಂಜಿನಿಯರುಗಳು ಕಾರಿನ ಸಾಫ್ಟ್‌ವೇರ್ ಬರೆಯುತ್ತಾರೆ, ಕಾರು ತಯಾರಾಗುವ ಮೊದಲೇ ಪರದೆಯ ಮೇಲೆ ಅದನ್ನು ಡಿಕ್ಕಿ ಹೊಡೆಸಿ ನೋಡುತ್ತಾರೆ. ಅವರಿಗೂ ಗಡುವು ಇದೆ, ಅವರಿಗೂ 'ಇದು ನಿನ್ನ ಮಾಡ್ಯೂಲ್ ಅಲ್ಲ' ಎಂಬ ಮಾತು ಕೇಳಿಸುತ್ತದೆ. ಸಾಫ್ಟ್‌ವೇರಿನಲ್ಲೂ ಮೋಸ ಅಡಗಬಲ್ಲದು ಎಂದು ಫೋಕ್ಸ್‌ವ್ಯಾಗನ್ 2015ರಲ್ಲಿ ತೋರಿಸಿತು. ಪರೀಕ್ಷೆಯ ಹೊತ್ತನ್ನು ಗುರುತಿಸಿ ಹೊಗೆ ತಗ್ಗಿಸುವ ಪ್ರೋಗ್ರಾಂ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿತ್ತು. ಅದನ್ನು ಬರೆದವರು, ಪರಿಶೀಲಿಸಿದವರು ಎಷ್ಟೋ ಜನ. ಗೊತ್ತಿದ್ದವರು ಬಾಯಿ ಬಿಡಲಿಲ್ಲ. 2024ರ ಜನವರಿಯಲ್ಲಿ ಇಂಥದೇ ಬಿಸಿ ಟೊಯೊಟಾ ಕಾರ್ಖಾನೆ ಇರುವ ಬಿಡದಿಗೂ ತಟ್ಟಿತು. ಜಪಾನಿನಲ್ಲಿ ಟೊಯೊಟಾ ಇಂಡಸ್ಟ್ರೀಸ್ ಡೀಸೆಲ್ ಎಂಜಿನುಗಳ ಪ್ರಮಾಣೀಕರಣ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, ಇನೋವಾ ಕ್ರಿಸ್ಟಾ, ಫಾರ್ಚುನರ್ ಗಾಡಿಗಳ ರವಾನೆ ಇಲ್ಲಿ ಕೆಲವು ದಿನ ನಿಂತಿತು. ತಪ್ಪು ಎಲ್ಲೋ, ನಿಂತ ಗಾಡಿಗಳು ಇಲ್ಲಿ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ನಿಯಮ ಮೀರಿದ ತಯಾರಕರಿಗೆ 100 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಇದು ಬೇಕೇ ಬೇಕು. ಆದರೆ ಇದೆಲ್ಲ ಗಾಡಿ ರಸ್ತೆಗೆ ಬಂದ ಮೇಲಿನ ಮಾತು. ಶೆಡ್ಡಿನಲ್ಲಿ ಗೇಜು ಹಿಡಿದ ಕೈಯನ್ನು ಕಾಯುವವರು ಯಾರು? ನಿಜ ಹೇಳಿದ್ದಕ್ಕೆ ದಂಡ ಬೀಳುವ ವ್ಯವಸ್ಥೆಯನ್ನು ದೊಡ್ಡ ಕಂಪನಿಗಳ ಖರೀದಿ ವಿಭಾಗಗಳೇ ಕಟ್ಟಿಟ್ಟಿವೆ, ಅದನ್ನು ಬಿಚ್ಚಬೇಕಾದವರೂ ಅವರೇ.

ಪೀಣ್ಯದ ಆ ಲಾಟು ಎರಡು ದಿನ ತಡವಾಗಿ ಹೋಯಿತು. ಡೆಬಿಟ್ ನೋಟೂ ಬಂತು. ಬಿಡಿಭಾಗ ಕೊಳ್ಳುವ ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಸುರಕ್ಷತೆಯ ಕಾರಣಕ್ಕೆ ತಡೆಹಿಡಿದ ಲಾಟಿಗೆ ದಂಡ ಹಾಕುವುದಿಲ್ಲ ಎಂಬ ಒಂದು ಸಾಲನ್ನು ನಿಮ್ಮ ಖರೀದಿ ಒಪ್ಪಂದಕ್ಕೆ ಸೇರಿಸಿ.