ಐದು ರೂಪಾಯಿಯ ಮಮತೆ

ಭಗವಾನ್ ಮಹಾವೀರರ 2600ನೆಯ ಜನ್ಮಕಲ್ಯಾಣಕದ ಸ್ಮರಣೆಗಾಗಿ ಕೇಂದ್ರ ಸರ್ಕಾರವು 2001ರಲ್ಲಿ ಐದು ರೂಪಾಯಿಯ ನಾಣ್ಯವನ್ನು ಚಲಾವಣೆಗೆ ತಂದಿತು. ಸಕಲ ಪರಿಗ್ರಹವನ್ನೂ ತೊರೆದು ನಡೆದವರ ಹೆಸರು ಹಣದ ಮೇಲೆಯೇ ಅಚ್ಚಾದದ್ದು ವಿಚಿತ್ರವೇ ಸರಿ. ಬಾಣಾವರದ ಯಾವುದೋ ಅಂಗಡಿಯ ಗಲ್ಲಾಪೆಟ್ಟಿಗೆಗೋ ಬಸ್ ನಿರ್ವಾಹಕರ ಚೀಲಕ್ಕೋ ಆ ನಾಣ್ಯ ಇಂದಿಗೂ ಅಪರೂಪಕ್ಕೊಮ್ಮೆ ಬಂದೀತು. ನಾಣ್ಯಪ್ರಿಯರ ಕಣ್ಣಿಗೆ ಬಿದ್ದರೆ ಅವರು ಬೇರೆ ಐದು ರೂಪಾಯಿ ಕೊಟ್ಟು ಅದನ್ನು ಪಡೆದು ಆಲ್ಬಮಿನಲ್ಲಿ ಇರಿಸುತ್ತಾರೆ. ಇದೂ ಪರಿಗ್ರಹವಲ್ಲವೇ ಎಂಬ ಪ್ರಶ್ನೆ ಶ್ರಾವಕರ ಮನೆಯಲ್ಲಿ ಏಳುವುದು ಸಹಜ.

ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ಗುರುತಿಸುವುದು ವಸ್ತುವಿನಲ್ಲಿ ಅಲ್ಲ, ಮೂರ್ಛೆಯಲ್ಲಿ, ಅಂದರೆ ಮಮತೆಯಲ್ಲಿ. ಆದುದರಿಂದ ಬೆಲೆ ಐದೇ ರೂಪಾಯಿ ಎಂಬ ಸಮಾಧಾನ ಇಲ್ಲಿ ಸಲ್ಲದು. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ ಟಂಕಸಾಲೆ, ನಕ್ಷತ್ರವಾದರೆ ಹೈದರಾಬಾದು, ಚುಕ್ಕಿಯಾದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಅರಿಯುವುದು ವಿದ್ಯೆ. ಒಂದೊಂದು ಟಂಕಸಾಲೆಯದೂ ಕೈಸೇರುವ ತನಕ ನಿದ್ರೆ ಬಾರದಿದ್ದರೆ ಅದು ಮೂರ್ಛೆ. ವೈಷ್ಣೋದೇವಿಯ ಚಿತ್ರವುಳ್ಳ ನಾಣ್ಯಕ್ಕೆ ಲಕ್ಷಗಟ್ಟಲೆ ಹಣ ಬರುತ್ತದೆಂಬ ಮೊಬೈಲ್ ಸಂದೇಶಗಳು ಈ ಮೂರ್ಛೆಯನ್ನೇ ಬಂಡವಾಳ ಮಾಡಿಕೊಂಡಿವೆ. ಹಳೆಯ ನಾಣ್ಯ ಕೊಳ್ಳುವ ನೆಪದ ಇಂತಹ ವಂಚನೆಯ ಕುರಿತು ರಿಸರ್ವ್ ಬ್ಯಾಂಕು 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು.

ಗೃಹಸ್ಥನಿಗೆ ವಿಧಿಸಿರುವುದು ಸರ್ವತ್ಯಾಗವಲ್ಲ, ಪರಿಗ್ರಹ ಪರಿಮಾಣ. ಬಾಣಾವರಕ್ಕೆ ಸಮೀಪದ ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ ರೇಚರಸನು ನಿರ್ಧನನಾಗಿರಲಿಲ್ಲ. ಮಿತಿಯನ್ನು ವಸ್ತು ಕೈಸೇರುವ ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬುದು ಈ ವ್ರತದ ಜೀವಾಳ. ಒಂದೇ ಆಲ್ಬಮು, ಒಂದೇ ವಿಷಯ, ಒಂದು ಬಗೆಗೆ ಒಂದೇ ನಾಣ್ಯ ಎಂದು ಬರೆದಿಟ್ಟುಕೊಂಡವನ ಹವ್ಯಾಸಕ್ಕೆ ಆಕ್ಷೇಪವೇನಿದೆ? ಎರಡನೆಯದು ಸಿಕ್ಕಿದರೆ ಅದು ನೆರೆಮನೆಯ ಬಾಲಕನಿಗೆ ಹೋಗಲಿ.

ಕಠಿಣ ಪ್ರಶ್ನೆ ಬೇರೆಯೇ ಇದೆ. ಬಸದಿಯ ಹುಂಡಿಯನ್ನು ಎಣಿಸುವಾಗ ಇಂತಹದೊಂದು ನಾಣ್ಯ ಕಾಣಿಸುತ್ತದೆ. ಎಣಿಸುವವನು ತನ್ನ ಐದು ರೂಪಾಯಿ ಹಾಕಿ ಅದನ್ನು ಜೇಬಿಗಿಳಿಸುತ್ತಾನೆ. ಲೆಕ್ಕದಲ್ಲಿ ಒಂದು ಪೈಸೆಯೂ ಕಡಿಮೆಯಾಗದು. ಆದರೂ ಭಕ್ತನು ಅರ್ಪಿಸಿದ್ದು ಜಿನನಿಗೆ, ಎಣಿಸುವವನಿಗಲ್ಲ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. ಮೊತ್ತ ಸರಿಹೊಂದಿದ ಮಾತ್ರಕ್ಕೆ ದೋಷ ತೊಲಗದು. ಆಸೆ ತಡೆಯದಿದ್ದರೆ ಎಲ್ಲರೆದುರು ಆಡಳಿತ ಮಂಡಳಿಯನ್ನು ಕೇಳಬಹುದು, ಮಂಡಳಿ ಒಪ್ಪಿದ ಬೆಲೆಯನ್ನು ತೆತ್ತು ರಸೀದಿ ಪಡೆಯಬಹುದು. ಕೇಳಲು ನಾಲಿಗೆ ಹಿಂಜರಿದರೆ ಆ ನಾಣ್ಯವು ಉಳಿದ ಚಿಲ್ಲರೆಯೊಡನೆ ಬ್ಯಾಂಕಿಗೆ ಹೋಗುವುದೇ ಲೇಸು.