ನೀರಿನ ಬಾಟಲಿಯಲ್ಲಿ ನೀರೇ ಇರಲಿ



ಹೋದ ತಿಂಗಳು ನಮ್ಮ ಬೀದಿಯ ಕೊನೇ ಮನೆಯಲ್ಲಿ ಎರಡು ವರ್ಷದ ಕೂಸು ಟರ್ಪೆಂಟೈನ್ ಕುಡಿದುಬಿಟ್ಟಿತು. ಬಾಗಿಲಿಗೆ ಬಣ್ಣ ಹೊಡೆಯುವವನು ಅದನ್ನು ಶರಬತ್ತಿನ ಖಾಲಿ ಬಾಟಲಿಗೆ ಸುರಿದು ಜಗಲಿಯ ಮೇಲೆ ಇಟ್ಟಿದ್ದ. ಅಜ್ಜಿ ಗಾಬರಿಯಿಂದ ಉಪ್ಪುನೀರು ಕದಡಿ ತಂದರು. "ಬೇಡ ಅಜ್ಜೀ, ವಾಂತಿ ಮಾಡಿಸಬೇಡಿ" ಎಂದು ನಾನು ಕೈ ಹಿಡಿದೆ. ಅವರಿಗೆ ನನ್ನ ಮೇಲೆ ಸಿಟ್ಟೇ ಬಂತು. ಕೂಸು ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂತು, ಅನ್ನಿ.

ಯಾಕೆ ಬೇಡ ಅಂದೆ? ಸೀಮೆಎಣ್ಣೆ, ಟರ್ಪೆಂಟೈನ್‌ಗಳು ಹೊಟ್ಟೆಗಿಂತ ಶ್ವಾಸಕೋಶಕ್ಕೇ ಹೆಚ್ಚು ಕೇಡು ಮಾಡುತ್ತವೆ. ವಾಂತಿಯಾಗುವಾಗ ಸ್ವಲ್ಪವೇ ಉಸಿರಿನ ದಾರಿಗೆ ಇಳಿದರೂ ನ್ಯುಮೋನಿಯಾದಂತೆ ಆಗುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ಆದರೆ ಇಳಿಯುವಾಗ ಸುಟ್ಟ ಗಂಟಲನ್ನು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಉಪ್ಪುನೀರಂತೂ ಮಗುವಿನ ರಕ್ತದಲ್ಲಿ ಉಪ್ಪೇರಿಸಿ ಫಿಟ್ಸ್ ತರಿಸಬಹುದು. ವೈದ್ಯರು ಹೇಳದೆ ಹಾಲು, ಮಜ್ಜಿಗೆ, ಹುಣಸೆನೀರು ಯಾವುದೂ ಬೇಡ.

ನಾವು ವಿಷವೆಂದೇ ಎಣಿಸದ ವಸ್ತು ಇನ್ನೊಂದಿದೆ. ಬಸುರಿಯರಿಗೆ ಕೊಡುವ ಕಬ್ಬಿಣದ ಕೆಂಪು ಮಾತ್ರೆ! ಮಕ್ಕಳ ಕಣ್ಣಿಗೆ ಅದು ಪೆಪ್ಪರ್‌ಮಿಂಟು. ಹಿಡಿ ತುಂಬ ನುಂಗಿದ ಮಗುವಿಗೆ ಮೊದಲು ವಾಂತಿಭೇದಿ. ಐದಾರು ಗಂಟೆ ಕಳೆದ ಮೇಲೆ ಗೆಲುವಾಗಿ ಆಡಲೂಬಹುದು. "ಸರಿಹೋಯ್ತು ಬಿಡಿ" ಎಂದು ಮನೆಯಲ್ಲೇ ಇರಿಸಿಕೊಂಡೀರಿ, ಜೋಕೆ. ಒಂದೆರಡು ದಿನದಲ್ಲಿ ರಕ್ತದೊತ್ತಡ ಕುಸಿದು, ಪಿತ್ತಜನಕಾಂಗವೂ ಕೆಡುವುದುಂಟು. ಹಳದಿ ರಂಜಕವಿರುವ ಇಲಿ ಪಾಷಾಣದ ಪೇಸ್ಟಿಗೂ, ಅತಿಯಾದ ಪ್ಯಾರಾಸಿಟಮಾಲ್‌ಗೂ ಇದೇ ಮೋಸದ ಗುಣ. ಪ್ಯಾರಾಸಿಟಮಾಲ್‌ಗೆ ಪ್ರತಿಮದ್ದು ಇದೆ. ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಮಗು ನಗುತ್ತಿದ್ದರೂ ಆಸ್ಪತ್ರೆಗೆ ಓಡಿ. ಬಾಟಲಿಯನ್ನೋ ಮಾತ್ರೆಯ ಪಟ್ಟಿಯನ್ನೋ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತಿಗೆ ಆಯಿತೆಂಬುದನ್ನು ನೆನಪಿಡಿ. ಪ್ರಜ್ಞೆ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117; ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ.

ಇಂಥ ಅನಾಹುತ ಹೆಚ್ಚಾಗಿ ಐದರೊಳಗಿನ ಮಕ್ಕಳಿಗೇ. ಅದೂ ನಾವು ಒಗ್ಗರಣೆ ಹಾಕಲು ಅತ್ತ ತಿರುಗಿದ ಹೊತ್ತಿನಲ್ಲಿ. ಫಿನೈಲನ್ನು ಅದರ ಡಬ್ಬಿಯಲ್ಲೇ ಇಡಿ. ಗದ್ದೆಗೆ ಹೊಡೆದು ಉಳಿದ ಔಷಧ ಅಡುಗೆಮನೆಗೆ ಬರಲೇಕೂಡದು. ಊರಿನಿಂದ ಬಂದ ಅತ್ತೆಯವರ ಚೀಲವನ್ನೂ ಒಮ್ಮೆ ನೋಡಿ, ಬೇಸರ ಮಾಡಿಕೊಂಡರೂ ಸರಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ಒಂದೇ ಒಂದು ಸಾಕು, ಮಗುವಿನ ರಕ್ತದ ಸಕ್ಕರೆ ಇಳಿದು ಎಚ್ಚರ ತಪ್ಪೀತು. ಅವರು ಅದನ್ನು ಇಡುವುದು ದಿಂಬಿನಡಿಯಲ್ಲೇ ತಾನೆ?