ಬ್ಯಾಟರಿ ಸತ್ತರೆ ಬೋರ್ಡೂ ಸತ್ತಂತೆ: ರಿಪೇರಿ ಹಕ್ಕು ಯಾರದ್ದು?

ಕೆಟ್ಟ ಟಿವಿಯನ್ನು ಅಂಗಡಿಗೆ ಒಯ್ದರೆ ಈಗ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: "ಬೋರ್ಡ್ ಹೋಗಿದೆ ಸಾರ್, ಹೊಸ ಟಿವಿನೇ ತಗೊಳ್ಳಿ." ಈ ಕಾಯಿಲೆ ಹೊಸದೇನಲ್ಲ.

ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಆರ್ಕೇಡ್ ಗೇಮ್ ಮಷೀನ್‌ಗಳಿಗೆ ಸಿಪಿಎಸ್-2 ಬೋರ್ಡ್ ತಂದಿತು. ನಕಲು ತಡೆಯಲು ಗೇಮ್‌ಗೆ ಬೀಗ ಹಾಕಿ, ಅದರ ಕೀಲಿಯನ್ನು ಬ್ಯಾಟರಿ ಬಲದಲ್ಲಿ ಉಳಿಯುವ ಮೆಮೊರಿಯಲ್ಲಿ ಇಟ್ಟಿತು. ಬ್ಯಾಟರಿ ಮುಗಿದರೆ ಕೀಲಿಯೂ ಅಳಿಸಿತು. ಚಿಪ್‌ಗಳೆಲ್ಲ ಸರಿಯಿದ್ದರೂ ಗೇಮ್ ಏಳೋದಿಲ್ಲ. ಕೀಲಿಯನ್ನು ಮತ್ತೆ ಬರೆಯುವ ದಾರಿಯನ್ನು 2016ರಲ್ಲಿ ಎಲ್ಲರಿಗೂ ತೆರೆದಿಟ್ಟವರು ಹವ್ಯಾಸಿಗಳು.

ಹಳೇ ಬೋರ್ಡ್‌ಗಳ ಉಳಿದ ರೋಗಗಳು ಸರಳ. ಉಬ್ಬಿದ ಕೆಪಾಸಿಟರ್, ಬಿರುಕುಬಿಟ್ಟ ಸೋಲ್ಡರ್, ತುಕ್ಕು ಹಿಡಿದ ಸಾಕೆಟ್. ಮೊದಲು 5 ವೋಲ್ಟ್ ಸರಿಯಾಗಿ ಬರುತ್ತಿದೆಯಾ ನೋಡು, ಆಮೇಲೆ ಚಿಪ್ ಮುಟ್ಟು ಅನ್ನೋದು ಮೆಕ್ಯಾನಿಕ್‌ಗಳ ಮೊದಲ ಪಾಠ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಇದ್ದರೆ ಅರ್ಧ ಕೆಲಸ ಆದಂತೆ. ಇನ್ನರ್ಧಕ್ಕೆ ಬೇಕು ಸರ್ಕ್ಯೂಟ್ ನಕ್ಷೆ. ತೊಡಕು ಇರೋದೇ ಅಲ್ಲಿ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿ ಹಕ್ಕಿ'ಗೆ ಸಮಿತಿ ರಚಿಸಿತು; ಡಿಸೆಂಬರ್‌ನಲ್ಲಿ ಪೋರ್ಟಲ್ ಬಂತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಲಯ ಗುರುತಿಸಿತು. ಒಳ್ಳೆಯದೇ. ಆದರೆ ಕಂಪನಿಯ ಸರ್ವಿಸ್ ಸೆಂಟರ್ ವಿಳಾಸ ಸಿಕ್ಕರೆ ತಾಲ್ಲೂಕಿನ ಮೆಕ್ಯಾನಿಕ್‌ಗೆ ಏನು ಬಂತು? ಅವನಿಗೆ ಬೇಕಿರೋದು ನಕ್ಷೆ ಮತ್ತು ಬಿಡಿಭಾಗ. ಅವೆರಡನ್ನೂ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲದಿದ್ದರೆ, ನಾಳೆ ರೈತರ ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡಿಗೂ ಅದೇ ಉತ್ತರ: "ಹೊಸದು ತಗೊಳ್ಳಿ."